ಹೂತುಹೋದ ಜೀಪಿಗೆ ಎಂತಹ ವಿಂಚು?

ಬೆಂಗಳೂರು ದಂಡಿನ ಕಮರ್ಷಿಯಲ್ ಸ್ಟ್ರೀಟು 2020–21ರಲ್ಲಿ ಕಲ್ಲುಹಾಸಿನಿಂದ ಹೊಸರೂಪ ತಳೆದ ಬೀದಿ. ಜನ, ಸಾಮಾನು ಎಲ್ಲ ಸೇರಿ ಎರಡು ಸಾವಿರ ಕಿಲೋಗ್ರಾಂ ತೂಗುವ ಜೀಪೊಂದು ಅಲ್ಲಿ ಕೆಟ್ಟು ನಿಂತಿತೆಂದು ಭಾವಿಸೋಣ. ಚಾಲಕನು ಗಿಯರನ್ನು ಬಿಡಿಸಿ ಇಳಿಯುತ್ತಾನೆ. ಅಂಗಡಿಯ ಮುಂದೆ ನಿಂತವರಿಬ್ಬರು ಹಿಂದಿನಿಂದ ಕೈಗೊಡುತ್ತಾರೆ. ಗಾಡಿಯು ಮೆಲ್ಲನೆ ಉರುಳಿ ಬದಿಗೆ ಸರಿಯುತ್ತದೆ. ಅದೇ ಜೀಪು ಆಷಾಢದ ಮಳೆಯಲ್ಲಿ ಸಕಲೇಶಪುರದ ಕಡೆಯ ಕಾಫಿತೋಟದ ಮಣ್ಣುದಾರಿಯಲ್ಲಿ ಗಾಲಿಯ ಗುಂಬದವರೆಗೆ ಹೂತಿತೆನ್ನಿ. ಆಗ ಹತ್ತು ಮಂದಿ ಆಳುಗಳು ಸೇರಿ ನೂಕಿದರೂ ಅದು ಅಲುಗುವುದಿಲ್ಲ. ಗಾಡಿ ಅದೇ, ಅದರ ತೂಕವೂ ಅದೇ. ಹಾಗಾದರೆ ಬದಲಾದುದು ಯಾವುದು?

ಬದಲಾದುದು ನೆಲದ ಪ್ರತಿರೋಧ. ಈ ಪ್ರತಿರೋಧವನ್ನು ಗೆಲ್ಲುವುದಕ್ಕಾಗಿ ಇಂದು ಅನೇಕರು ತಮ್ಮ ಗಾಡಿಗಳ ಮುಂಭಾಗದಲ್ಲಿ ವಿಂಚು ಎಂಬ ಯಂತ್ರವನ್ನು ಕೂರಿಸಿಕೊಳ್ಳುತ್ತಿದ್ದಾರೆ. ರಸ್ತೆ ಬಿಟ್ಟು ಬೆಟ್ಟಗುಡ್ಡಗಳಲ್ಲಿ ಗಾಡಿ ಓಡಿಸುವ ಹವ್ಯಾಸವು ತರುಣರಲ್ಲಿ ಬೆಳೆದಿರುವುದರಿಂದ ಇದರ ಮಾರಾಟವೂ ಬೆಳೆದಿದೆ. ಆದರೆ ಕೊಳ್ಳುವವರು ಬಹುಮಟ್ಟಿಗೆ ನೋಡುವುದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಒಂದೇ ಒಂದು ಸಂಖ್ಯೆಯನ್ನು: 8,000 ಪೌಂಡು, 9,500 ಪೌಂಡು, 12,000 ಪೌಂಡು. ಕಮರ್ಷಿಯಲ್ ಸ್ಟ್ರೀಟಿಗೆ ಸೀರೆ ಕೊಳ್ಳಲು ಬಂದ ಗೃಹಿಣಿಯು ಸೆರಗನ್ನಷ್ಟೇ ನೋಡಿ ಹಣ ಕೊಡುವವಳಲ್ಲ. ಒಡಲನ್ನು ಬಿಡಿಸಿ, ನೂಲನ್ನು ಮುಟ್ಟಿ, ಅಂಚನ್ನು ಎಳೆದು ನೋಡುತ್ತಾಳೆ. ಪ್ರಾಣಾಪಾಯಕ್ಕೆ ಎಡೆಯುಳ್ಳ ವಿಂಚಿನ ವಿಷಯದಲ್ಲಿ ಅಷ್ಟಾದರೂ ಎಚ್ಚರ ಬೇಡವೆ? ಆ ಸಂಖ್ಯೆಯ ಅರ್ಥವೇನು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ನಾವೀಗ ವಿಚಾರಿಸೋಣ. ಇದಕ್ಕೆ ಪ್ರೌಢಶಾಲೆಯ ಭೌತಶಾಸ್ತ್ರವೇ ಸಾಕು.

ಬಾವಿಯ ರಾಟೆಯ ಬಂಧು

ವಿಂಚು ಹೊಸ ಯಂತ್ರವೇನೂ ಅಲ್ಲ. ಅಡ್ಡ ದಿಂಡಿಗೆ ಹಗ್ಗ ಸುತ್ತಿ, ಹಿಡಿ ತಿರುಗಿಸಿ ಬಾವಿಯಿಂದ ಮಣ್ಣನ್ನೋ ನೀರನ್ನೋ ಮೇಲೆತ್ತುವ ಸಾಧನವನ್ನು ನಮ್ಮ ಹಳ್ಳಿಗಳವರು ಬಲ್ಲರು. ಕೋಲಾರದ ಚಿನ್ನದ ಗಣಿಗಳಲ್ಲಿ ಇದರ ಹಿರಿಯಣ್ಣನೇ ಇದ್ದಿತು. 2001ರಲ್ಲಿ ಮುಚ್ಚಿದ ಈ ಗಣಿಗಳಲ್ಲಿ ಉಕ್ಕಿನ ಹಗ್ಗ ಸುತ್ತಿದ ಭಾರಿ ಉರುಳೆಗಳು ಕಾರ್ಮಿಕರನ್ನೂ ಅದಿರನ್ನೂ ಹಂತಹಂತವಾಗಿ ಮೂರು ಕಿಲೋಮೀಟರಿಗೂ ಮಿಕ್ಕ ಆಳದಿಂದ ಏರಿಸಿ ಇಳಿಸುತ್ತಿದ್ದುವು. ಕಮರ್ಷಿಯಲ್ ಸ್ಟ್ರೀಟಿಗೆ ಸಮೀಪದಲ್ಲಿಯೇ, ಹಲಸೂರು ಕೆರೆಯ ಬಳಿ, 1780ರಲ್ಲಿ ಹುಟ್ಟಿದ ಮದ್ರಾಸ್ ಸ್ಯಾಪರ್ಸ್ ದಳದ ಕೇಂದ್ರವಿದೆ. ಸೇತುವೆ ಕಟ್ಟುವುದು, ದಾರಿ ಮಾಡುವುದು ಮೊದಲಾದ ಸೇನಾ ಇಂಜಿನಿಯರುಗಳ ಕೆಲಸಗಳಲ್ಲಿ ಹಗ್ಗ, ರಾಟೆ, ಗೂಟಗಳ ವಿದ್ಯೆ ಇಂದಿಗೂ ಮೂಲಪಾಠವೇ ಆಗಿದೆ.

ಜೀಪಿನ ವಿಂಚಿನಲ್ಲಿ ಕೈಹಿಡಿಯ ಬದಲಿಗೆ ಬ್ಯಾಟರಿಯಿಂದ ಓಡುವ ಮೋಟಾರು ಇರುತ್ತದೆ. ವೇಗವಾಗಿ ತಿರುಗುವ ಮೋಟಾರಿನ ಗತಿಯನ್ನು ಹಲ್ಲುಗಾಲಿಗಳು ನೂರಾರು ಪಾಲು ತಗ್ಗಿಸಿ, ಅದೇ ಪ್ರಮಾಣದಲ್ಲಿ ತಿರುಗಿಸುವ ಬಲವನ್ನು ಹೆಚ್ಚಿಸುತ್ತವೆ. ಉರುಳೆಯು ಮೆಲ್ಲನೆ ತಿರುಗಿ ಹಗ್ಗವನ್ನು ಸುತ್ತಿಕೊಳ್ಳುತ್ತದೆ. ಹಗ್ಗದ ತುದಿ ಮರಕ್ಕೋ ಬಂಡೆಗೋ ಬಿಗಿದಿರುವುದರಿಂದ ಗಾಡಿಯೇ ಅತ್ತ ಸರಿಯಬೇಕಾಗುತ್ತದೆ. ಯಾವ ಯಂತ್ರವೂ ಕಾರ್ಯವನ್ನು ಸೃಷ್ಟಿಸಲಾರದು. ವೇಗವನ್ನು ತೆತ್ತು ಬಲವನ್ನು ಕೊಳ್ಳಬಹುದು, ಅಷ್ಟೆ. ವಿಂಚಿನ ರಹಸ್ಯವೆಲ್ಲವೂ ಈ ಒಂದು ಮಾತಿನಲ್ಲಿದೆ.

ಎಷ್ಟು ಬಲ ಬೇಕು?

ಮೊದಲು ಬೇಕಾದ ಬಲವನ್ನು ಎಣಿಸೋಣ. ಗಟ್ಟಿಯಾದ ಕಲ್ಲುಹಾಸಿನ ಮೇಲೆ ಗಾಡಿಯನ್ನು ಉರುಳಿಸಲು ಅದರ ತೂಕದ ಸುಮಾರು ಐವತ್ತರಲ್ಲಿ ಒಂದು ಪಾಲು ಬಲ ಸಾಕು. ನಮ್ಮ 2,000 ಕಿಲೋಗ್ರಾಂ ಜೀಪಿಗೆ ಇದು 40 ಕಿಲೋಗ್ರಾಂ ಭಾರ. ಇಬ್ಬರು ನೂಕಿದರೆ ಸರಿಯುವುದು ಇದರಿಂದಲೇ. ಸೇನೆಗಳ ವಾಹನದಳದವರು ಬಳಸುವ ಸ್ಥೂಲ ಲೆಕ್ಕದಂತೆ, ಜಲ್ಲಿಯ ಮೇಲೆ ತೂಕದ ಐದರಲ್ಲೊಂದು ಪಾಲು, ತೆಳುಕೆಸರಿನಲ್ಲಿ ಮೂರರಲ್ಲೊಂದು ಪಾಲು, ಜೌಗಿನಲ್ಲಿ ಅರ್ಧಪಾಲು ಬಲ ಬೇಕಾಗುತ್ತದೆ. ಇದು ಗಾಡಿ ಇನ್ನೂ ನೆಲದ ಮೇಲಿರುವಾಗಿನ ಮಾತು. ಗಾಲಿಗಳು ಹೂತುಹೋದ ಮೇಲೆ ಲೆಕ್ಕವೇ ಬೇರೆ. ಗಾಲಿಯ ಮಟ್ಟದವರೆಗೆ ಹೂತರೆ ಗಾಡಿಯ ಪೂರ್ಣ ತೂಕದಷ್ಟು, ಮಡ್‌ಗಾರ್ಡಿನವರೆಗೆ ಹೂತರೆ ಅದರ ಎರಡರಷ್ಟು, ಚಾಲಕನ ಕೋಣೆಯವರೆಗೆ ಹೂತರೆ ಮೂರರಷ್ಟು ಪ್ರತಿರೋಧವಿದೆಯೆಂದು ಅಮೆರಿಕದ ಸೇನೆಯ ಕೈಪಿಡಿಗಳು ಎಣಿಸುತ್ತವೆ.

ತೂಕಕ್ಕಿಂತಲೂ ಹೆಚ್ಚು ಪ್ರತಿರೋಧ ಎಲ್ಲಿಂದ ಬಂದೀತೆಂದು ವಿದ್ಯಾರ್ಥಿಗಳು ಕೇಳಬಹುದು. ಗಾಡಿಯು ತನ್ನ ಮುಂದಿರುವ ಮಣ್ಣಿನ ಗೋಡೆಯನ್ನು ತಳ್ಳಿಕೊಂಡು ಹೋಗಬೇಕಾದುದು ಒಂದು ಕಾರಣ. ವಾಯುಭಾರವು ಇನ್ನೊಂದು. ಜಿಗಟುಮಣ್ಣು ಗಾಡಿಯ ತಳಕ್ಕೆ ಅಂಟಿಕೊಂಡಾಗ, ಗಾಡಿ ಮೇಲೇಳಲು ಹವಣಿಸಿದರೆ ನಡುವೆ ಗಾಳಿ ನುಗ್ಗಲು ಎಡೆಯಿರುವುದಿಲ್ಲ. ವಾಯುಮಂಡಲವು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋಗ್ರಾಂ ಭಾರದಿಂದ ಒತ್ತುತ್ತದೆ. ಒಂದು ಚದರ ಮೀಟರಿಗೆ ಇದು 10,000 ಕಿಲೋಗ್ರಾಂ ಆಗುತ್ತದೆ. ತಳದಡಿಯ ಒತ್ತಡವು ಹತ್ತರಲ್ಲೊಂದು ಪಾಲು ತಗ್ಗಿದರೂ ಚದರ ಮೀಟರಿಗೆ 1,000 ಕಿಲೋಗ್ರಾಂ ಭಾರ ಗಾಡಿಯನ್ನು ಕೆಳಕ್ಕೆ ಹಿಡಿದಂತಾಯಿತು. ಆದುದರಿಂದ ವಿಂಚಿಗೆ ಕೈಹಾಕುವ ಮೊದಲು ಸಲಿಕೆಗೆ ಕೈಹಾಕಬೇಕು. ಗಾಲಿಯ ಮುಂದಿನ ಮಣ್ಣನ್ನು ತೆಗೆದು ತಳದಡಿ ಗಾಳಿಯಾಡುವಂತೆ ಮಾಡಿದರೆ ಬೇಕಾದ ಬಲ ಗಣನೀಯವಾಗಿ ತಗ್ಗುವುದು.

ಇನ್ನು ಇಳಿಜಾರು. ಗಾಡಿಯನ್ನು ಏರಿನ ಮೇಲೆ ಎಳೆಯುವಾಗ ಪ್ರತಿ ಡಿಗ್ರಿಗೆ ತೂಕದ ಅರವತ್ತರಲ್ಲೊಂದು ಪಾಲು ಬಲವನ್ನು ಕೂಡಿಸಬೇಕೆಂಬುದು ಹಳೆಯ ನಿಯಮ. ಇದು ತ್ರಿಕೋಣಮಿತಿಯ ಸೈನಿನ ಸುಲಭರೂಪವೇ ಹೊರತು ಬೇರೇನಲ್ಲ: 30 ಡಿಗ್ರಿಯ ಸೈನ್ ಅರ್ಧ, 30ನ್ನು 60ರಿಂದ ಭಾಗಿಸಿದರೂ ಅರ್ಧವೇ ಬರುತ್ತದೆ.

ನಮ್ಮ ಜೀಪು 15 ಡಿಗ್ರಿಯ ಏರಿನಲ್ಲಿ ಗಾಲಿಯ ಮಟ್ಟಕ್ಕೆ ಹೂತಿದೆಯೆನ್ನಿ. ಕೆಸರಿಗಾಗಿ 2,000, ಏರಿಗಾಗಿ 500, ಒಟ್ಟು 2,500. ಇದಕ್ಕೆ ನಾಲ್ಕರಲ್ಲೊಂದು ಪಾಲು ಭದ್ರತೆಗೆಂದು ಸೇರಿಸಿದರೆ 3,125 ಕಿಲೋಗ್ರಾಂ ಭಾರ. ಹೊರೆಸಹಿತ ತೂಕದ ಒಂದೂವರೆಯಷ್ಟು ಶಕ್ತಿಯ ವಿಂಚನ್ನು ಕೊಳ್ಳಬೇಕೆಂದು ಬಲ್ಲವರು ಹೇಳುವ ಮಾತಿಗೂ ಇದು ಬಹುಮಟ್ಟಿಗೆ ಹೊಂದುತ್ತದೆ. ತೂಗಬೇಕಾದುದು ಕಾರ್ಖಾನೆಯಿಂದ ಬಂದ ಬರಿಯ ಗಾಡಿಯನ್ನಲ್ಲ. ಜನ, ಇಂಧನ, ನೀರು, ಡೇರೆ, ವಿಂಚು ಎಲ್ಲವನ್ನೂ ಹೊತ್ತ ಗಾಡಿಯನ್ನು ಎಂಬುದನ್ನು ಮರೆಯಬಾರದು.

ಪೆಟ್ಟಿಗೆಯ ಮೇಲಿನ ಸಂಖ್ಯೆ

ಒಂದು ಪೌಂಡು 0.4536 ಕಿಲೋಗ್ರಾಂ ಆದುದರಿಂದ 9,500 ಪೌಂಡಿನ ವಿಂಚೆಂದರೆ ಸುಮಾರು 4,300 ಕಿಲೋಗ್ರಾಂ ಭಾರವನ್ನು ಎಳೆಯತಕ್ಕದ್ದು. ನಮಗೆ ಬೇಕಾದುದು 3,125 ಮಾತ್ರ. ಧಾರಾಳವಾಯಿತೆಂದು ತೋರುವುದಲ್ಲವೆ? ಇಲ್ಲಿಯೇ ಅನೇಕರು ಎಡವುವುದು.

ಈ 4,300ರ ಶಕ್ತಿಯು ಉರುಳೆಯ ಮೇಲೆ ಹಗ್ಗದ ಒಂದೇ ಪದರ ಉಳಿದಿರುವಾಗ ಮಾತ್ರ ದೊರೆಯತಕ್ಕದ್ದು. ಮೋಟಾರು ಉರುಳೆಗೆ ಕೊಡುವ ತಿರುಚುಬಲಕ್ಕೆ ಒಂದು ಮಿತಿಯಿದೆ. ತಿರುಚುಬಲವೆಂದರೆ ಹಗ್ಗದ ಎಳೆತವನ್ನು ತ್ರಿಜ್ಯದಿಂದ ಗುಣಿಸಿದ ಮೊತ್ತ. ಪದರದ ಮೇಲೆ ಪದರ ಸುತ್ತಿದಂತೆಲ್ಲ ತ್ರಿಜ್ಯ ಬೆಳೆಯುತ್ತದೆ, ಎಳೆತ ಕುಗ್ಗುತ್ತದೆ. ಉರುಳೆಯ ವ್ಯಾಸ 64 ಮಿಲಿಮೀಟರು, ಹಗ್ಗದ ದಪ್ಪ 9 ಮಿಲಿಮೀಟರು ಎಂದಿಟ್ಟುಕೊಂಡು, ಪದರಗಳು ಒಂದರ ಮೇಲೊಂದು ನೇರವಾಗಿ ಕೂತಿವೆಯೆಂದು ಲೆಕ್ಕ ಮಾಡೋಣ. ಹಗ್ಗದ ನಡುವಿನವರೆಗಿನ ತ್ರಿಜ್ಯವು ಮೊದಲ ಪದರದಲ್ಲಿ 36.5, ಎರಡನೆಯದರಲ್ಲಿ 45.5, ಮೂರನೆಯದರಲ್ಲಿ 54.5, ನಾಲ್ಕನೆಯದರಲ್ಲಿ 63.5 ಮಿಲಿಮೀಟರು. ಅದಕ್ಕೆ ತಕ್ಕಂತೆ ಎಳೆತವು 4,300ರಿಂದ ಸುಮಾರು 3,450ಕ್ಕೆ, ಅನಂತರ 2,880ಕ್ಕೆ, ಕೊನೆಗೆ 2,470ಕ್ಕೆ ಇಳಿಯುತ್ತದೆ. ಹತ್ತಿರದ ಮರಕ್ಕೆ ಹಗ್ಗ ಕಟ್ಟಿ, ಉಳಿದುದೆಲ್ಲ ಉರುಳೆಯ ಮೇಲೆಯೇ ಇರುವಾಗ ಎಳೆಯಹೊರಟವನಿಗೆ ತನ್ನ 9,500 ಪೌಂಡಿನ ವಿಂಚು 5,450 ಪೌಂಡಿನದಾಗಿ ಪರಿಣಮಿಸಿರುತ್ತದೆ! ಒಳ್ಳೆಯ ತಯಾರಕರು ಪದರವಾರು ಎಳೆತದ ಪಟ್ಟಿಯನ್ನು ಕೊಡುತ್ತಾರೆ. ಕೊಳ್ಳುವವರು ಆ ಪಟ್ಟಿಯನ್ನು ಕೇಳಿ ಓದಬೇಕು.

ಹಾಗೆಂದು ಹಗ್ಗವನ್ನು ಪೂರ್ತಿ ಬಿಚ್ಚಿಬಿಡಲೂ ಆಗದು. ಉಕ್ಕಿನ ಹಗ್ಗವಾದರೆ ಕನಿಷ್ಠ ಐದು ಸುತ್ತು, ಕೃತಕ ನಾರಿನದಾದರೆ ಹತ್ತರಷ್ಟು ಸುತ್ತು ಉರುಳೆಯ ಮೇಲೆ ಉಳಿಯಬೇಕೆಂಬುದು ಸಾಮಾನ್ಯ ನಿಯಮ. ಇದರ ಕಾರಣವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಮೇಜಿಗೆ ಅದುಮಿ ಹಿಡಿದ ಪೆನ್ಸಿಲಿಗೆ ದಾರವನ್ನು ಒಂದು ಸುತ್ತು ಸುತ್ತಿ ಒಂದು ತುದಿಗೆ ಬೀಗವೊಂದನ್ನು ತೂಗಬಿಡಿ; ಸುತ್ತು ಹೆಚ್ಚಿಸಿದಂತೆ ಇನ್ನೊಂದು ತುದಿಯಲ್ಲಿ ಬೇಕಾಗುವ ಬಲವು ಥಟ್ಟನೆ ತಗ್ಗುವುದನ್ನು ಕಾಣುವಿರಿ. ಆಯ್ಲರನ ಹೆಸರಿನಲ್ಲಿರುವ ಸೂತ್ರದಂತೆ, ಘರ್ಷಣಾಂಕ 0.1 ಆಗಿದ್ದರೆ ಐದು ಸುತ್ತುಗಳು ಹೊರೆಯನ್ನು ಇಪ್ಪತ್ತಮೂರು ಪಾಲು ಕುಗ್ಗಿಸುತ್ತವೆ. ಹಗ್ಗದ ಬುಡವನ್ನು ಹಿಡಿದ ಪುಟ್ಟ ತಿರುಪು 3,125ರ ಬದಲು ಸುಮಾರು 136 ಕಿಲೋಗ್ರಾಂ ಭಾರವನ್ನು ಮಾತ್ರ ತಡೆದರೆ ಸಾಕು. ಕೃತಕ ನಾರು ನುಣುಪಾದುದು; ಘರ್ಷಣಾಂಕ ಅರ್ಧವಾದರೆ ಸುತ್ತುಗಳು ಎರಡರಷ್ಟಾಗಬೇಕು.

ರಾಟೆಯ ಉಪಕಾರ

ಎಳೆತ ಸಾಲದಾದಾಗ ದೊಡ್ಡ ವಿಂಚನ್ನೇ ಕೊಳ್ಳಬೇಕಾಗಿಲ್ಲ. ಮರಕ್ಕೆ ಬಿಗಿದ ರಾಟೆಯೊಂದರ ಮೂಲಕ ಹಗ್ಗವನ್ನು ಹಾಯಿಸಿ, ಅದರ ತುದಿಯನ್ನು ಮರಳಿ ಗಾಡಿಯ ಚಾಸಿಗೆ ಕೊಂಡಿಹಾಕಿದರೆ ಗಾಡಿಯನ್ನು ಎರಡು ಎಳೆಗಳು ಎಳೆಯುತ್ತವೆ. ಬೇಕಾದ 3,125ರಲ್ಲಿ ಪ್ರತಿ ಎಳೆಯ ಪಾಲು 1,563. ರಾಟೆಯ ಘರ್ಷಣೆಗೆಂದು ಹತ್ತರಲ್ಲೊಂದು ಪಾಲು ಸೇರಿಸಿದರೂ ಸುಮಾರು 1,720. ನಾಲ್ಕನೆಯ ಪದರದಲ್ಲಿ ಸೋತಿದ್ದ ವಿಂಚು ಈಗ ಗೆಲ್ಲುತ್ತದೆ. ಅಲ್ಲದೆ, ಎರಡರಷ್ಟು ಹಗ್ಗ ಬಿಚ್ಚಿಕೊಳ್ಳುವುದರಿಂದ ಕೆಳಗಿನ ಪದರಗಳ ಲಾಭವೂ ದೊರೆಯುತ್ತದೆ. ಇದಕ್ಕೆ ತೆರುವ ಬೆಲೆಯೆಂದರೆ ವೇಗ ಅರ್ಧವಾಗುವುದು.

ಆದರೆ ಒಂದು ಎಚ್ಚರ. ಗಾಡಿಯನ್ನು ಎಳೆಯುವ ಒಟ್ಟು ಬಲವನ್ನು ಆ ಮರವು ಹೊರಲೇಬೇಕು. ರಾಟೆಯು ಹಗ್ಗದ ಹೊರೆಯನ್ನು ತಗ್ಗಿಸುತ್ತದೆ, ಮರದ ಹೊರೆಯನ್ನಲ್ಲ. ಕಾಫಿತೋಟದ ಎಳೆಯ ಸಿಲ್ವರ್ ಓಕ್ ಮರಕ್ಕೆ ಮೂರು ಟನ್ನಿನ ಎಳೆತ ಸಲ್ಲದು. ದಪ್ಪನೆಯ ಮರವನ್ನೇ ಆರಿಸಿ, ತೊಗಟೆ ಸೀಳದಂತೆ ಅಗಲವಾದ ಪಟ್ಟಿಯನ್ನು ಬುಡದ ಸಮೀಪದಲ್ಲಿಯೇ ಸುತ್ತಬೇಕು. ಎತ್ತರದಲ್ಲಿ ಕಟ್ಟಿದಷ್ಟೂ ಸನ್ನೆಯ ತೋಳು ಉದ್ದವಾಗಿ ಮರವನ್ನು ಬುಡಮೇಲು ಮಾಡುವ ಪರಿಣಾಮ ಹೆಚ್ಚುತ್ತದೆ. ರಾಟೆ, ಕೊಂಡಿ, ಪಟ್ಟಿಗಳು ವಿಂಚಿನ ಎಳೆತದ ಎರಡರಷ್ಟನ್ನಾದರೂ ತಡೆಯುವಂತಿರಬೇಕು.

ಬ್ಯಾಟರಿ ಮತ್ತು ಮೋಟಾರು

ಪೂರ್ಣಹೊರೆಯಲ್ಲಿ ಇಂತಹ ವಿಂಚುಗಳು 12 ವೋಲ್ಟಿನ ಬ್ಯಾಟರಿಯಿಂದ 400 ಆಂಪೇರಿನ ಆಸುಪಾಸಿನ ವಿದ್ಯುತ್ತನ್ನು ಸೆಳೆಯುತ್ತವೆ. ಮೇಲಿನ ಜೀಪನ್ನು ನಿಮಿಷಕ್ಕೆ 2 ಮೀಟರಿನಂತೆ ಎಳೆಯುತ್ತಿರುವಾಗ 350 ಆಂಪೇರು ಹರಿಯುತ್ತಿದೆಯೆಂದು ಇಟ್ಟುಕೊಳ್ಳೋಣ. ಬ್ಯಾಟರಿ ಕೊಡುವುದು 4,200 ವಾಟು. ಹಗ್ಗದಲ್ಲಿ ನಮಗೆ ದೊರೆಯುವುದು ಸುಮಾರು 1,020 ವಾಟು. ಉಳಿದ ಮುಕ್ಕಾಲು ಪಾಲು ತಂತಿ, ಮೋಟಾರು, ಹಲ್ಲುಗಾಲಿಗಳಲ್ಲಿ ಶಾಖವಾಗಿ ಸೋರಿಹೋಗುತ್ತದೆ. ಆದುದರಿಂದಲೇ ನಡುನಡುವೆ ಮೋಟಾರಿಗೆ ವಿಶ್ರಾಂತಿ ಕೊಡಬೇಕು. ಗಾಡಿಯ ಎಂಜಿನನ್ನು ಓಡುತ್ತಲೇ ಇಟ್ಟು ಬ್ಯಾಟರಿಗೆ ಮರುಪೂರಣ ಮಾಡಬೇಕು. ಮುಪ್ಪಾದ ಬ್ಯಾಟರಿಗೆ ಹೊಸ ವಿಂಚನ್ನು ಜೋಡಿಸುವುದು ಬತ್ತಿದ ಬಾವಿಗೆ ಹೊಸ ಪಂಪು ಇಟ್ಟಂತೆ.

ಮೋಟಾರುಗಳಲ್ಲಿ ಎರಡು ಬಗೆ. ಶಾಶ್ವತಕಾಂತದ ಮೋಟಾರು ಅಗ್ಗವಾದುದು, ವಿದ್ಯುತ್ತನ್ನೂ ಮಿತವಾಗಿ ಬಳಸುವುದು. ಆದರೆ ಬಹುಕಾಲ ದುಡಿಸಿದರೆ ಬೇಗ ಕಾದು ಬಲಗುಂದುತ್ತದೆ. ಸರಣಿಸುರುಳಿಯ ಮೋಟಾರಿನಲ್ಲಿ ಕಾಂತವೂ ಅದೇ ವಿದ್ಯುತ್ತಿನಿಂದ ಉಂಟಾಗುವುದರಿಂದ, ಹೊರೆ ಹೆಚ್ಚಿ ವಿದ್ಯುತ್ತು ಹೆಚ್ಚಿದಾಗ ತಿರುಚುಬಲವು ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ಏರುತ್ತದೆ. ಮಲೆನಾಡಿನ ಮಳೆಯಲ್ಲಿ ಮೇಲಿಂದ ಮೇಲೆ ಬಳಸುವವರಿಗೆ ಇದು ಮೇಲು. ನೀರು, ಕೆಸರು ಒಳನುಗ್ಗದಂತೆ ಮುಚ್ಚಿದೆಯೇ ಎಂಬುದನ್ನೂ ನೋಡಬೇಕು. ವರ್ಷಕ್ಕೊಮ್ಮೆ ಮಾತ್ರ ಹೂತುಹೋಗುವ ಗಾಡಿಗೆ ಕೈಯಿಂದ ಎಳೆಯುವ ಸನ್ನೆಯ ವಿಂಚು ಸಾಕು. ಅದು ನಿಧಾನ, ಆದರೆ ಅದಕ್ಕೆ ಬ್ಯಾಟರಿಯ ಹಂಗಿಲ್ಲ, ಗಾಡಿಯ ಹಿಂದುಗಡೆಯಿಂದಲೂ ಎಳೆಯಬಲ್ಲುದು.

ಅತ್ಯಂತ ದೊಡ್ಡ ವಿಂಚೇ ಅತ್ಯುತ್ತಮವೆಂಬುದೂ ಸರಿಯಲ್ಲ. 9,500 ಪೌಂಡಿನ ವಿಂಚೇ ಉಕ್ಕಿನ ಹಗ್ಗಸಹಿತ 35–40 ಕಿಲೋಗ್ರಾಂ ತೂಗುವುದುಂಟು. ಸುಮಾರು ಒಂದು ಟನ್ನಿನ ಮಾರುತಿ ಜಿಪ್ಸಿಯಂತಹ ಹಗುರ ಗಾಡಿಯ ಮೂತಿಗೆ 12,000 ಪೌಂಡಿನ ಯಂತ್ರವನ್ನು ಕಟ್ಟಿದರೆ ಮುಂದಿನ ಗಾಲಿಗಳು ಇನ್ನಷ್ಟು ಬೇಗ ಹೂತಾವು. ಹೊರೆಸಹಿತ 1,400 ಕಿಲೋಗ್ರಾಮಿನ ಜಿಪ್ಸಿಗೆ ಒಂದೂವರೆಯ ಲೆಕ್ಕದಲ್ಲಿ 2,100 ಕಿಲೋಗ್ರಾಂ, ಎಂದರೆ 4,600 ಪೌಂಡು ಸಾಕು. ಪದರಗಳ ನಷ್ಟಕ್ಕೆಂದು 6,000 ಪೌಂಡಿನದನ್ನು ಆರಿಸಬಹುದು.

ಹಗ್ಗದಲ್ಲಿ ಅಡಗಿದ ಅಪಾಯ

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಬಿಗಿದ ಹಗ್ಗವು ಹಿಗ್ಗಿದ ಸ್ಪ್ರಿಂಗಿನಂತೆ. ಅದರಲ್ಲಿ ಶಕ್ತಿ ಅಡಗಿರುತ್ತದೆ. 20 ಮೀಟರು ಉದ್ದದ ಉಕ್ಕಿನ ಹಗ್ಗವು 30,000 ನ್ಯೂಟನ್ ಎಳೆತದಲ್ಲಿ ಶೇಕಡ ಒಂದರಷ್ಟು, ಎಂದರೆ 20 ಸೆಂಟಿಮೀಟರು, ಹಿಗ್ಗಿತೆನ್ನೋಣ. ಬಲದ ಅರ್ಧವನ್ನು ಹಿಗ್ಗಿನಿಂದ ಗುಣಿಸಿದರೆ 3,000 ಜೂಲ್. ಅರವತ್ತು ಕಿಲೋಗ್ರಾಂ ತೂಕದ ಮನುಷ್ಯ ಐದು ಮೀಟರು ಎತ್ತರದಿಂದ ಬಿದ್ದಾಗ ಪಡೆಯುವ ಶಕ್ತಿ ಇಷ್ಟೇ. ಹಗ್ಗ ಹರಿದರೆ ಇಷ್ಟೂ ಶಕ್ತಿ ಕ್ಷಣಮಾತ್ರದಲ್ಲಿ ಬಿಡುಗಡೆಯಾಗಿ ಆರೇಳು ಕಿಲೋಗ್ರಾಂ ಉಕ್ಕು ಚಾವಟಿಯಂತೆ ಬೀಸುತ್ತದೆ. ಅದರ ಹಾದಿಯಲ್ಲಿ ನಿಂತವರ ಗತಿಯನ್ನು ಬೇರೆ ವಿವರಿಸಬೇಕಾಗಿಲ್ಲ.

ಹರಿಯುವ ಮೊದಲು ಹಗ್ಗವು ಸಾಮಾನ್ಯವಾಗಿ ಸುಳಿವು ಕೊಟ್ಟಿರುತ್ತದೆ. ಉಕ್ಕಿನ ಹಗ್ಗದಲ್ಲಿ ಎಳೆ ಕಿತ್ತಿದ್ದರೆ, ಒಮ್ಮೆ ಗಂಟುಬಿದ್ದು ಮಡಿಚಿಕೊಂಡಿದ್ದರೆ, ಚಪ್ಪಟೆಯಾಗಿದ್ದರೆ ಅದನ್ನು ಬಳಸಲಾಗದು. ಇಂದು ಬಹಳ ಮಂದಿ ಆರಿಸುವುದು ಅತಿದೀರ್ಘ ಅಣುಸರಪಳಿಯ ಪಾಲಿಎಥಿಲೀನಿನ ಹಗ್ಗವನ್ನು. ಡೈನೀಮಾ ಎಂಬುದು ಇದರ ಪ್ರಸಿದ್ಧ ವ್ಯಾಪಾರನಾಮ. ಇದು ನೀರಿನಲ್ಲಿ ತೇಲುವಷ್ಟು ಹಗುರ. ಅಷ್ಟೇ ಉದ್ದದ ಉಕ್ಕಿನ ಹಗ್ಗದ ತೂಕದಲ್ಲಿ ಒಂದು ಸಣ್ಣ ಪಾಲು ಮಾತ್ರ. ಹರಿದರೂ ಇದಕ್ಕೆ ಸಂವೇಗ ಕಡಮೆ, ಗಾಳಿಯೂ ಬೇಗ ತಡೆಯುತ್ತದೆ. ಆದರೆ ತುದಿಯ ಕಬ್ಬಿಣದ ಕೊಕ್ಕೆಯು ಕಿತ್ತು ಹಾರಿದರೆ ಅಪಾಯ ತಪ್ಪಿದ್ದಲ್ಲ. ಅಲ್ಲದೆ ಈ ನಾರು 150 ಡಿಗ್ರಿ ಸೆಲ್ಸಿಯಸ್ ಸಮೀಪದಲ್ಲಿಯೇ ಕರಗುತ್ತದೆ, ಬಿಸಿಲಿಗೆ ಸವೆಯುತ್ತದೆ, ಬಂಡೆಯ ಅಂಚಿಗೆ ಉಜ್ಜಿದರೆ ಸೀಳುತ್ತದೆ. ಬ್ರೇಕು ಉರುಳೆಯ ಒಳಗೇ ಇರುವ ವಿಂಚುಗಳಲ್ಲಿ, ಹೊರೆಯನ್ನು ಕೆಳಕ್ಕೆ ಇಳಿಬಿಡುವಾಗ ಉರುಳೆ ಕಾಯುವುದರಿಂದ, ಅದಕ್ಕೆ ತಕ್ಕ ಹಗ್ಗವೇ ಎಂಬುದನ್ನು ವಿಚಾರಿಸಿ ಕೊಳ್ಳಬೇಕು.

ಹಿಗ್ಗುವ ನೈಲಾನ್ ಹಗ್ಗವನ್ನು ವಿಂಚಿನೊಡನೆ ಎಂದಿಗೂ ಸೇರಿಸಬಾರದು. ಅದು 20 ಮೀಟರಿಗೆ 4 ಮೀಟರು ಹಿಗ್ಗಿದರೆ ಅದೇ ಎಳೆತದಲ್ಲಿ 60,000 ಜೂಲ್ ಅಡಗುತ್ತದೆ, ಉಕ್ಕಿನಲ್ಲಿದ್ದುದರ ಇಪ್ಪತ್ತರಷ್ಟು!

ಎಳೆಯುವಾಗ ಹಗ್ಗದ ನಡುವೆ ಒದ್ದೆ ಗೋಣಿಯನ್ನೋ ದಪ್ಪ ಕಂಬಳಿಯನ್ನೋ ಹೊದಿಸಿದರೆ, ಹರಿದ ಪಕ್ಷದಲ್ಲಿ ಅದರ ಭಾರವು ಹಗ್ಗವನ್ನು ನೆಲಕ್ಕೆ ಕೆಡಹುತ್ತದೆ. ಯಾರೂ ಹಗ್ಗವನ್ನು ದಾಟಬಾರದು. ಬಿಚ್ಚಿದ ಹಗ್ಗದ ಉದ್ದಕ್ಕಿಂತ ದೂರದಲ್ಲಿ, ಪಕ್ಕಕ್ಕೆ ನಿಲ್ಲಬೇಕು. ಹಗ್ಗವನ್ನು ಹಿಡಿಯುವವರು ದಪ್ಪ ಚರ್ಮದ ಕೈಗವಸು ತೊಡಬೇಕು. ನೋಡಲು ನೆರೆದ ಮಕ್ಕಳನ್ನು ದೂರ ಕಳುಹಿಸಿದ ಮೇಲೆಯೇ ಗುಂಡಿ ಒತ್ತಬೇಕು.

ಕೊಳ್ಳುವ ಮೊದಲು

ಬೆಂಗಳೂರಿನ ಜೆ. ಸಿ. ರಸ್ತೆಯ ಮೋಟಾರು ಸಾಮಾನಿನ ಅಂಗಡಿಗಳಿಗೋ ಶಿವಾಜಿನಗರದ ಹಳೆಯ ಬಿಡಿಭಾಗಗಳ ಗಲ್ಲಿಗಳಿಗೋ ಹೋಗುವ ಮೊದಲು ಒಂದು ಕಾಗದದ ಮೇಲೆ ಈ ಸಾಲನ್ನು ಬರೆದುಕೊಳ್ಳಿ: ಬ್ಯಾಟರಿ, ತಂತಿ, ಮೋಟಾರು, ಹಲ್ಲುಗಾಲಿ, ಉರುಳೆ, ಹಗ್ಗ, ಕೊಂಡಿ, ಪಟ್ಟಿ, ಮರ; ಇತ್ತ ವಿಂಚನ್ನು ಹಿಡಿದ ಬೋಲ್ಟು, ಚೌಕಟ್ಟು, ಚಾಸಿ. ಪ್ರತಿಯೊಂದರ ಎದುರಿಗೂ ಅದು ತಡೆಯಬಲ್ಲ ಹೊರೆಯನ್ನು ಬರೆಯಿರಿ. ಅವುಗಳಲ್ಲಿ ಅತ್ಯಂತ ಚಿಕ್ಕ ಸಂಖ್ಯೆಯೇ ನಿಮ್ಮ ವಿಂಚಿನ ನಿಜವಾದ ಶಕ್ತಿ; ಪೆಟ್ಟಿಗೆಯ ಮೇಲಿನದಲ್ಲ. ಸೆಕೆಂಡ್‌ಹ್ಯಾಂಡ್ ವಿಂಚು ಕೊಳ್ಳುವವರು ಹಗ್ಗವನ್ನು ಪೂರ್ತಿ ಬಿಚ್ಚಿಸಿ ಬುಡದವರೆಗೆ ನೋಡಬೇಕು. ಹೊರೆ ಕಟ್ಟಿ ನಿಲ್ಲಿಸಿ ಬ್ರೇಕು ಹಿಡಿಯುವುದೇ ಎಂದು ಪರೀಕ್ಷಿಸಬೇಕು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ಗಾಡಿಯ ಮೂಲರಚನೆಯನ್ನು ಮಾರ್ಪಡಿಸುವುದಕ್ಕೆ ಮಿತಿ ಹಾಕಿದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಇಲಾಖೆಯು ಬಂಪರಿನ ಮುಂದೆ ಕೂರಿಸುವ ಕಬ್ಬಿಣದ ತಡೆಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿತು. ಇಂತಹ ತಡೆಗಳು ಪಾದಚಾರಿಗಳಿಗೆ ಹೆಚ್ಚು ಪೆಟ್ಟು ಮಾಡುತ್ತವೆ; ಅಪಘಾತದಲ್ಲಿ ಗಾಳಿಚೀಲ ತೆರೆದುಕೊಳ್ಳುವುದಕ್ಕೂ ಅಡ್ಡಿಯಾದಾವು. ಆದುದರಿಂದ ವಿಂಚನ್ನು ಕೂರಿಸುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಅಗತ್ಯ. ಊರಿನೊಳಗೆ ಮಾತ್ರ ಓಡುವ ಗಾಡಿಗೆ ವಿಂಚು ಬೇಕಾಗಿಯೇ ಇಲ್ಲ. ಮಳೆಗಾಲದಲ್ಲಿ ತೋಟದ ದಾರಿ ಹಿಡಿಯುವವರು ವಿಂಚಿನೊಡನೆ ಒಂದು ರಾಟೆ, ಒಂದು ಅಗಲವಾದ ಪಟ್ಟಿ, ಒಂದು ಕಂಬಳಿ, ಒಂದು ಸಲಿಕೆ ಇವಿಷ್ಟನ್ನೂ ಗಾಡಿಯಲ್ಲಿ ಇಟ್ಟುಕೊಂಡಿರಲಿ. ಇವುಗಳಲ್ಲಿ ಸಲಿಕೆಯನ್ನು ಮೊದಲು ಹೊರತೆಗೆಯಲಿ.